ರಹದಾರಿ ಮತ್ತು ವೀಸಾ: ಒಂದು ಚಾರಿತ್ರಿಕ ಪರಿಶೀಲನೆ

೧

ಪರದೇಶಕ್ಕೆ ಹೊರಟವನ ಕೈಯಲ್ಲಿ ಇಂದು ಸಾಮಾನ್ಯವಾಗಿ ಎರಡು ಬಗೆಯ ಅಪ್ಪಣೆಗಳಿರಬೇಕಾಗುತ್ತವೆ. ಮೊದಲನೆಯದು ಪಾಸ್‌ಪೋರ್ಟು. ಅದನ್ನು ಕೊಡುವುದು ಅವನ ಸ್ವಂತ ರಾಜ್ಯ. ಈತನು ತನ್ನ ಪ್ರಜೆ, ಈತನನ್ನು ತಡೆಯದೆ ಹೋಗಗೊಡಬೇಕು, ಅಗತ್ಯ ಬಿದ್ದಲ್ಲಿ ರಕ್ಷಿಸಬೇಕು ಎಂದು ಆ ರಾಜ್ಯವು ಇತರ ರಾಜ್ಯಗಳನ್ನು ಕೇಳಿಕೊಳ್ಳುವುದು ಅದರ ತಾತ್ಪರ್ಯ. ಎರಡನೆಯದು ವೀಸಾ. ಅದನ್ನು ಕೊಡುವುದು ಪ್ರಯಾಣಿಕನು ಹೋಗಬೇಕೆಂದಿರುವ ರಾಜ್ಯ. ಇಂಥವನು ಇಂಥ ಉದ್ದೇಶದಿಂದ ಇಷ್ಟು ದಿನದ ಮಟ್ಟಿಗೆ ಬರಲು ತನ್ನ ಆಕ್ಷೇಪಣೆಯಿಲ್ಲವೆಂದು ಆ ರಾಜ್ಯವು ಮುಂಚಿತವಾಗಿ ಸೂಚಿಸುವುದೇ ವೀಸಾ. ವ್ಯವಹಾರದಲ್ಲಿ ಜನರು ಇವೆರಡನ್ನೂ ಒಂದೆಂಬಂತೆ ಆಡುವುದುಂಟು. ಆದರೆ ಒಂದು ಹೊರಡುವ ಮನೆಯವರ ಮಾತು, ಇನ್ನೊಂದು ಹೋಗಿ ಸೇರುವ ಮನೆಯವರ ಮಾತು ಎಂಬ ಭೇದವನ್ನು ಮರೆತರೆ ಮುಂದಿನ ಚರಿತ್ರೆ ಅರ್ಥವಾಗುವುದಿಲ್ಲ.

ವೀಸಾದ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಪರಕೀಯರನ್ನು ಗಡಿಯಲ್ಲಿ ತಡೆದು ವಿಚಾರಿಸುವುದು ರಾಜ್ಯದಷ್ಟೇ ಪ್ರಾಚೀನವಾದುದು, ಆದುದರಿಂದ ವೀಸಾದಲ್ಲಿ ಹೊಸತೇನೂ ಇಲ್ಲವೆಂಬುದು ಒಂದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಲೋಕದಲ್ಲಿ ಯಾರು ಎಲ್ಲಿಗೆ ಬೇಕಾದರೂ ಹೋಗಬಹುದಾಗಿತ್ತು, ಯುದ್ಧವೇ ಈ ಕಟ್ಟುಪಾಡನ್ನು ತಂದಿತೆಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವಿದೆಯಾದರೂ ಯಾವುದೂ ಪೂರ್ಣವಲ್ಲ. ಚೀಟಿಯೂ ಮುದ್ರೆಯೂ ಹಳೆಯವು. ಅವುಗಳ ಕಾರ್ಯ ಮಾತ್ರ ಹೊಸದು. ಹಿಂದೆ ಗಡಿಯ ಬಾಗಿಲಿನಲ್ಲಿ ನಡೆಯುತ್ತಿದ್ದ ವಿಚಾರಣೆಯನ್ನು ಪ್ರಯಾಣಿಕನ ಊರಿನ ಹತ್ತಿರಕ್ಕೆ, ಅವನು ಹೊರಡುವುದಕ್ಕಿಂತ ಮೊದಲೇ ನಡೆಯುವಂತೆ ವರ್ಗಾಯಿಸಿದುದೇ ಆಧುನಿಕ ವೀಸಾದ ವೈಶಿಷ್ಟ್ಯ. ಈ ವರ್ಗಾವಣೆ ಹೇಗಾಯಿತು, ಅದರಿಂದ ಪ್ರಯಾಣಿಕನಿಗೂ ಇತಿಹಾಸಕಾರನಿಗೂ ಆದ ಪರಿಣಾಮವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

೨

ನಮ್ಮ ದೇಶದ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪ್ರಾಚೀನ ವಿಧಿ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಆ ಗ್ರಂಥವು ಆಧುನಿಕ ವಿದ್ವಾಂಸರ ಕೈಸೇರಿದುದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ. ಅಲ್ಲಿದ್ದ ಓಲೆಯ ಪ್ರತಿಯನ್ನು ಗುರುತಿಸಿ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನು ಮುದ್ರಿಸಿದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯ ನಿರೂಪಿತವಾಗಿದೆ. ಒಂದು ಮಾಷಕವನ್ನು ಪಡೆದು ಅವನು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನೇ ಜನಪದವನ್ನು ಪ್ರವೇಶಿಸಲು, ಅಲ್ಲಿಂದ ಹೊರಡಲು ಅರ್ಹನು. ಮುದ್ರೆಯಿಲ್ಲದೆ ಸಿಕ್ಕಿದ ಜನಪದವಾಸಿಗೆ ೧೨ ಪಣಗಳ ದಂಡ. ಕೂಟಮುದ್ರೆಯನ್ನು, ಎಂದರೆ ಖೋಟಾ ಮುದ್ರೆಯನ್ನು ತೋರಿಸಿದವನಿಗೆ ಪೂರ್ವಸಾಹಸವೆಂಬ ದಂಡ. ಅದೇ ತಪ್ಪನ್ನು ಹೊರನಾಡಿನವನು ಮಾಡಿದರೆ ಉತ್ತಮಸಾಹಸವೆಂಬ ಅತ್ಯಧಿಕ ದಂಡ. ಮುದ್ರೆಯನ್ನು ಪರೀಕ್ಷಿಸುವ ಹೊಣೆ ಹುಲ್ಲುಗಾವಲುಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷನದು.

ಈ ವಿಧಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮುದ್ರೆಯು ಪರಕೀಯನಿಗೆ ಮಾತ್ರ ಮೀಸಲಲ್ಲ. ಜನಪದದವನೂ ಅದನ್ನು ಪಡೆಯಬೇಕು. ರಾಜನ ದೃಷ್ಟಿ ಚಲಿಸುವ ಎಲ್ಲರ ಮೇಲೆಯೂ ಇತ್ತು. ಎರಡನೆಯದಾಗಿ, ಪರೀಕ್ಷೆ ನಡೆಯುತ್ತಿದ್ದುದು ದಾರಿಯಲ್ಲಿ, ಮುದ್ರೆ ಕೊಡುವ ರಾಜನ ಸ್ವಂತ ನೆಲದಲ್ಲಿ. ಪರರಾಜ್ಯದಲ್ಲಿ ತನ್ನ ಕಚೇರಿಯನ್ನು ತೆರೆದು, ಅಲ್ಲಿಯೇ ಪ್ರಯಾಣಿಕರನ್ನು ಆರಿಸುವ ಪದ್ಧತಿ ಅರ್ಥಶಾಸ್ತ್ರದಲ್ಲಿ ಕಂಡುಬರುವುದಿಲ್ಲ. ಕನ್ನಡದಲ್ಲಿ ಪಾಸ್‌ಪೋರ್ಟಿಗೆ ಸಲ್ಲುವ ‘ರಹದಾರಿ’ ಎಂಬ ಮಾತೂ ಇದನ್ನೇ ಸೂಚಿಸುತ್ತದೆ. ಇದು ಪಾರಸಿಯಿಂದ ಬಂದ ಶಬ್ದ. ದಾರಿ ಕಾಯುವುದೆಂಬುದು ಮೂಲಾರ್ಥ. ಮೊಗಲರ ಕಾಲದಲ್ಲಿ ದಾರಿಯ ಸುಂಕಕ್ಕೂ ಇದೇ ಹೆಸರಿತ್ತು. ದಾರಿಯನ್ನು ಕಾಯುವವನು ಹಣ ಪಡೆದು ಪ್ರಯಾಣಿಕನನ್ನು ಮುಂದಕ್ಕೆ ಬಿಡುವ ದೃಶ್ಯ ಆ ಶಬ್ದದಲ್ಲಿ ಅಡಗಿದೆ.

ಮಧ್ಯಯುಗದ ಯೂರೋಪಿನಲ್ಲಿಯೂ ಪ್ರಯಾಣಪತ್ರದ ಮುಖ್ಯ ಪ್ರಯೋಜನ ರಕ್ಷಣೆಯೇ ಆಗಿತ್ತು. ಇಂಗ್ಲೆಂಡಿನ ೧೨೧೫ರ ಮಹಾಸನದು ವರ್ತಕರಿಗೆ ದೇಶದೊಳಕ್ಕೆ ಬರಲೂ ಹೊರಡಲೂ ನಿರ್ಭಯವನ್ನು ವಾಗ್ದಾನಮಾಡಿ, ಯುದ್ಧಕಾಲದಲ್ಲಿ ಶತ್ರುದೇಶದ ವರ್ತಕರನ್ನು ಮಾತ್ರ ಅಪವಾದವಾಗಿಟ್ಟಿತು. ರಾಜರು ಕೊಡುತ್ತಿದ್ದ ಅಭಯಪತ್ರವನ್ನು ಹಿಡಿದವನಿಗೆ ಕೇಡು ಮಾಡಿದರೆ ಅದು ರಾಜನ ಮಾತಿಗೇ ಮಾಡಿದ ಭಂಗವೆಂದು ಎಣಿಸುತ್ತಿದ್ದರು. ಇಂಥ ಪತ್ರವನ್ನು ಪ್ರಯಾಣಿಕನು ಬೇಡಿ ಪಡೆಯುತ್ತಿದ್ದುದು ತನ್ನ ಕ್ಷೇಮಕ್ಕಾಗಿ. ಪತ್ರವಿಲ್ಲದವನು ಬರಲೇಬಾರದೆಂಬ ಸಾರ್ವತ್ರಿಕ ನಿಯಮದಿಂದಲ್ಲ.

೩

‘ವೀಸಾ’ ಎಂಬ ಶಬ್ದದ ಮೂಲ ಲ್ಯಾಟಿನ್. ‘ನೋಡಲ್ಪಟ್ಟದ್ದು’ ಎಂದು ಅದರ ಅರ್ಥ. ಫ್ರೆಂಚ್ ಭಾಷೆಯ ಮೂಲಕ ಅದು ಇತರ ಭಾಷೆಗಳಿಗೆ ಹರಡಿತು. ಪ್ರಯಾಣಿಕನ ಪಾಸ್‌ಪೋರ್ಟನ್ನು ಅಧಿಕಾರಿಯು ನೋಡಿ, ನೋಡಿದೆನೆಂಬುದಕ್ಕೆ ಗುರುತಾಗಿ ಅದರ ಮೇಲೆ ಬರೆದು ಮುದ್ರೆಯೊತ್ತುತ್ತಿದ್ದನು. ಎಂದರೆ ವೀಸಾ ಮೊದಲು ಸ್ವತಂತ್ರ ಪತ್ರವಾಗಿರದೆ ಬೇರೊಂದು ಪತ್ರದ ಮೇಲಿನ ಷರಾ ಆಗಿತ್ತು.

ಫ್ರಾನ್ಸಿನ ಮಹಾಕ್ರಾಂತಿಯು ಈ ಕಾಗದಗಳನ್ನು ನಡೆಸಿಕೊಂಡ ಬಗೆ ಬೋಧಪ್ರದವಾಗಿದೆ. ೧೭೯೧ರ ಜೂನಿನಲ್ಲಿ ಹದಿನಾರನೆಯ ಲೂಯಿ ದೊರೆಯು ಪ್ಯಾರಿಸ್ಸಿನಿಂದ ತಪ್ಪಿಸಿಕೊಂಡು ಹೊರಟಾಗ ಅವನ ಪರಿವಾರದ ಬಳಿಯಿದ್ದುದು ಬ್ಯಾರನೆಸ್ ಕಾರ್ಫ್ ಎಂಬ ರಷ್ಯದ ಮಹಿಳೆಯ ಹೆಸರಿನ ಪಾಸ್‌ಪೋರ್ಟು. ದೊರೆಯು ಆಕೆಯ ಸೇವಕನ ವೇಷದಲ್ಲಿದ್ದನು. ವಾರೆನ್ ಎಂಬ ಊರಿನಲ್ಲಿ ಅವನು ಸಿಕ್ಕಿಬಿದ್ದನು. ಅದೇ ವರ್ಷದ ಸೆಪ್ಟೆಂಬರಿನ ಸಂವಿಧಾನವು, ಹೋಗುವ, ಇರುವ, ಹೊರಡುವ ಸ್ವಾತಂತ್ರ್ಯವನ್ನು ಪ್ರಜೆಗಳ ಸಹಜವಾದ ಹಕ್ಕೆಂದು ಸಾರಿತು. ಆದರೂ ೧೭೯೨ರ ಆರಂಭದ ತಿಂಗಳುಗಳಲ್ಲಿಯೇ, ದೇಶಭ್ರಷ್ಟ ಶ್ರೀಮಂತರ ಮತ್ತು ಪರಸೈನ್ಯಗಳ ಭೀತಿಯಿಂದ, ಪಾಸ್‌ಪೋರ್ಟಿನ ಕಡ್ಡಾಯವು ಶಾಸನರೂಪದಲ್ಲಿ ಮರಳಿ ಬಂದಿತು. ಸ್ವಾತಂತ್ರ್ಯದ ಘೋಷಣೆಗೂ ಕಾಗದದ ಕಟ್ಟಿಗೂ ನಡುವೆ ಅರ್ಧ ವರ್ಷದ ಅಂತರವೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ಪ್ರಯಾಣಿಕನು ಊರೂರಿನ ಪೋಲೀಸು ಕಚೇರಿಗಳಲ್ಲಿಯೂ ರಾಯಭಾರ ಕಚೇರಿಗಳಲ್ಲಿಯೂ ತನ್ನ ಪತ್ರವನ್ನು ತೋರಿಸಿ ಷರಾ ಬರೆಯಿಸಿಕೊಳ್ಳುತ್ತಿದ್ದನು. ರೈಲುಮಾರ್ಗಗಳು ಹರಡಿದ ಮೇಲೆ ಈ ಪದ್ಧತಿ ಕುಸಿಯಿತು. ನೂರಾರು ಮಂದಿಯನ್ನು ಹೊತ್ತು ಬರುವ ಗಾಡಿಯನ್ನು ನಿಲ್ಲಿಸಿ ಒಬ್ಬೊಬ್ಬನ ಕಾಗದವನ್ನೂ ನೋಡುವುದು ಅಧಿಕಾರಿಗಳಿಗೆ ಸಾಧ್ಯವಾಗಲಿಲ್ಲ. ವಾಣಿಜ್ಯದ ಹಿತಕ್ಕೂ ಅದು ವಿರೋಧವಾಗಿತ್ತು. ೧೮೬೦ರ ಅನಂತರದ ದಶಕಗಳಲ್ಲಿ ಪಶ್ಚಿಮ ಯೂರೋಪಿನ ಬಹುತೇಕ ರಾಜ್ಯಗಳು ಶಾಂತಿಕಾಲದಲ್ಲಿ ಪಾಸ್‌ಪೋರ್ಟನ್ನು ಕೇಳುವುದನ್ನು ಬಿಟ್ಟವು. ರಷ್ಯ ಮತ್ತು ತುರ್ಕಿ ಸಾಮ್ರಾಜ್ಯಗಳು ಮಾತ್ರ ಪಾಸ್‌ಪೋರ್ಟು ಮತ್ತು ವೀಸಾಗಳನ್ನು ಉಳಿಸಿಕೊಂಡವು. ಹಿಂದುಳಿದ ಆಡಳಿತದ ಲಕ್ಷಣವೆಂದು ಇತರರು ಅದನ್ನು ಹಳಿಯುತ್ತಿದ್ದರು. ಮಹಾಯುದ್ಧಕ್ಕೆ ಮುಂಚಿನ ಸ್ವಚ್ಛಂದ ಸಂಚಾರದ ನೆನಪು ಈ ಕಾಲಕ್ಕೆ ಸಂಬಂಧಿಸಿದುದು.

೪

ಆದರೆ ಆ ನೆನಪು ಯಾರದು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಕೇಳಲೇಬೇಕು. ಯೂರೋಪಿನೊಳಗೆ ಬಾಗಿಲುಗಳು ತೆರೆದುಕೊಂಡ ಅವೇ ದಶಕಗಳಲ್ಲಿ ಪೆಸಿಫಿಕ್ ಸಾಗರದ ಆಚೆಯ ದಡದಲ್ಲಿ ಏಷ್ಯದವರ ಪಾಲಿಗೆ ಬಾಗಿಲುಗಳು ಮುಚ್ಚತೊಡಗಿದವು. ಅಮೆರಿಕ ಸಂಯುಕ್ತ ಸಂಸ್ಥಾನವು ೧೮೮೨ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿತು. ವರ್ತಕರು, ವಿದ್ಯಾರ್ಥಿಗಳು ಮೊದಲಾದವರಿಗೆ ವಿನಾಯಿತಿಯಿತ್ತು. ಅವರು ತಮ್ಮ ಸರ್ಕಾರದಿಂದ ಪ್ರಮಾಣಪತ್ರವನ್ನು ತರಬೇಕಾಗಿತ್ತು. ೧೮೮೪ರ ತಿದ್ದುಪಡಿಯು ಆ ಪ್ರಮಾಣಪತ್ರವನ್ನು ಅವರು ಹೊರಡುವ ಸ್ಥಳದಲ್ಲಿಯೇ ಅಮೆರಿಕದ ರಾಯಭಾರಿ ಅಥವಾ ಕಾನ್ಸಲ್ ಪರಿಶೀಲಿಸಿ ವೀಸಾ ಮಾಡಬೇಕೆಂದು ವಿಧಿಸಿತು. ಪರದೇಶದಲ್ಲಿ ಕುಳಿತ ಅಧಿಕಾರಿಯು ಪ್ರಯಾಣಿಕನ ಯೋಗ್ಯತೆಯನ್ನು ಮುಂಚಿತವಾಗಿ ನಿರ್ಣಯಿಸುವ ಆಧುನಿಕ ವೀಸಾದ ಸ್ಪಷ್ಟವಾದ ಪೂರ್ವರೂಪ ಇಲ್ಲಿದೆ. ಯುದ್ಧಕ್ಕೆ ಮೂವತ್ತು ವರ್ಷಗಳ ಹಿಂದೆಯೇ ಜನಾಂಗದ ಆಧಾರದ ಮೇಲೆ ಅದು ಹುಟ್ಟಿತೆಂಬುದು ಗಮನಾರ್ಹ.

ಈ ಉಪಾಯದ ಅಗತ್ಯವಾದರೂ ಏನಿದ್ದಿತು? ಹಡಗಿನಿಂದ ಬಂದು ಬಂದರಿನಲ್ಲಿ ನಿಂತವನನ್ನು ಹಿಂದಕ್ಕಟ್ಟುವುದು ಸುಲಭವಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ತಡೆಹಿಡಿಯಲ್ಪಟ್ಟ ಚೀನೀಯರು ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಸಲ್ಲಿಸಿ ಸಂಯುಕ್ತ ಸರ್ಕಾರದ ನ್ಯಾಯಾಲಯವನ್ನು ಮೊರೆಹೊಕ್ಕರು; ಅವರಲ್ಲಿ ಗೆದ್ದವರ ಸಂಖ್ಯೆ ಸಣ್ಣದಲ್ಲ. ಬಾಗಿಲಿಗೆ ಬಂದವನ ಮಾತನ್ನು ಯಾರಾದರೊಬ್ಬರು ಕೇಳಲೇಬೇಕಾಗುತ್ತಿತ್ತು.

ಕೊಮಗತ ಮಾರು ಹಡಗಿನ ಪ್ರಸಂಗವು ಇದಕ್ಕೆ ಮತ್ತೊಂದು ನಿದರ್ಶನ. ಭಾರತೀಯರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾಗಿದ್ದುದರಿಂದ ಅವರನ್ನು ಹೆಸರಿಸಿ ನಿಷೇಧಿಸಲು ಕೆನಡಾ ಹಿಂದೆಗೆಯಿತು. ೧೯೦೮ರಲ್ಲಿ ಅದು ಬೇರೊಂದು ಮಾರ್ಗ ಹಿಡಿಯಿತು: ವಲಸೆ ಬರುವವನು ತನ್ನ ಜನ್ಮದೇಶದಿಂದಲೇ ಟಿಕೀಟು ಪಡೆದು ಎಲ್ಲಿಯೂ ಮುರಿಯದ ಪ್ರಯಾಣದಲ್ಲಿ ಬಂದಿರಬೇಕು. ಭಾರತದಿಂದ ಕೆನಡಕ್ಕೆ ಅಂಥ ನೇರವಾದ ಹಡಗಿನ ಸೌಕರ್ಯ ಇರಲಿಲ್ಲವಾಗಿ ನಿಯಮದ ಗುರಿ ಯಾರೆಂಬುದು ಸ್ಪಷ್ಟವಾಗಿತ್ತು. ಗುರುದಿತ್ ಸಿಂಗರು ಬಾಡಿಗೆಗೆ ಪಡೆದ ಕೊಮಗತ ಮಾರು ೩೭೬ ಪ್ರಯಾಣಿಕರೊಡನೆ ೧೯೧೪ರ ಮೇ ೨೩ರಂದು ವ್ಯಾಂಕೂವರ್ ಬಂದರಿಗೆ ಬಂದಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಎರಡು ತಿಂಗಳು ಹಡಗು ನೀರಿನ ಮೇಲೆಯೇ ನಿಂತಿತು. ಮುನ್ಷಿ ಸಿಂಗ್ ಎಂಬ ಪ್ರಯಾಣಿಕನ ಮೊಕದ್ದಮೆ ಬ್ರಿಟಿಷ್ ಕೊಲಂಬಿಯದ ಅಪೀಲು ನ್ಯಾಯಾಲಯದವರೆಗೆ ಹೋಗಿ ಸೋತಿತು. ಹಿಂದೆ ಅಲ್ಲಿ ನೆಲಸಿದ್ದವರೇ ಮೊದಲಾದ ಕೆಲವರನ್ನುಳಿದು ಮಿಕ್ಕವರನ್ನು ಹೊತ್ತು ಹಡಗು ಜುಲೈ ೨೩ರಂದು ಹಿಂದಿರುಗಿತು. ಸೆಪ್ಟೆಂಬರ್ ೨೯ರಂದು ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಪೋಲೀಸರಿಗೂ ಸೈನಿಕರಿಗೂ ಪ್ರಯಾಣಿಕರಿಗೂ ಘರ್ಷಣೆಯಾಗಿ ಗುಂಡು ಹಾರಿ ಸುಮಾರು ಇಪ್ಪತ್ತು ಮಂದಿ ಮಡಿದರು. ೨೦೧೬ರಲ್ಲಿ ಕೆನಡಾದ ಪ್ರಧಾನಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಈ ಅನ್ಯಾಯಕ್ಕಾಗಿ ಕ್ಷಮೆ ಕೇಳಿದರು.

ಆ ಪ್ರಯಾಣಿಕರು ಸೋತರು. ಆದರೆ ಸೋಲು ಲೋಕದ ಕಣ್ಣಮುಂದೆ ಆಯಿತು. ಪತ್ರಿಕೆಗಳು ಬರೆದವು, ನ್ಯಾಯಾಧೀಶರು ತೀರ್ಪಿತ್ತರು, ಭಾರತದಲ್ಲಿ ರೋಷವೆದ್ದಿತು. ನೂರು ವರ್ಷಗಳ ಮೇಲೆ ಕ್ಷಮೆ ಕೇಳುವುದಕ್ಕೂ ಆಧಾರವಾದುದು ಅದೇ ದಾಖಲೆ.

ಮಹಾಯುದ್ಧವು ಪಾಸ್‌ಪೋರ್ಟನ್ನೂ ವೀಸಾವನ್ನೂ ಎಲ್ಲೆಡೆ ಕಡ್ಡಾಯಮಾಡಿತು. ಶತ್ರುವಿನ ಗೂಢಚಾರರ ಭಯ ಅದಕ್ಕೆ ಪ್ರಕಟವಾದ ಕಾರಣ. ಯುದ್ಧ ಮುಗಿದ ಮೇಲೆ ಕಾರಣ ಹೋಯಿತು, ಕಟ್ಟಳೆ ಉಳಿಯಿತು. ಭಾರತದೊಳಕ್ಕೆ ಬರುವವರಿಂದ ಪಾಸ್‌ಪೋರ್ಟನ್ನು ಕೇಳುವ ಅಧಿಕಾರವನ್ನು ೧೯೨೦ರ ಶಾಸನವು ಸರ್ಕಾರಕ್ಕೆ ಶಾಶ್ವತವಾಗಿ ಕೊಟ್ಟಿತು. ಅಮೆರಿಕದಲ್ಲಿ ೧೯೨೧ರ ಶಾಸನವು ಒಂದೊಂದು ದೇಶಕ್ಕೂ ಇಂತಿಷ್ಟು ಮಂದಿಯೆಂದು ಮಿತಿ ಹಾಕಿ, ತಿಂಗಳುವಾರು ಲೆಕ್ಕವನ್ನು ಬಂದರಿನಲ್ಲಿ ಇಡುವಂತೆ ಮಾಡಿತು. ಪರಿಣಾಮವಾಗಿ ತಿಂಗಳ ಮೊದಲ ದಿನದ ನಡುರಾತ್ರಿಗೆ ಸರಿಯಾಗಿ ನ್ಯೂಯಾರ್ಕ್ ಬಂದರನ್ನು ಹೊಗಲು ಹಡಗುಗಳು ಪೈಪೋಟಿ ನಡೆಸಿದವು. ಕೆಲವು ನಿಮಿಷ ತಡವಾದವರು ಹಿಂದಿರುಗಬೇಕಾಗುತ್ತಿತ್ತು. ೧೯೨೪ರ ಶಾಸನವು ಲೆಕ್ಕವನ್ನು ಬಂದರಿನಿಂದ ಕಾನ್ಸಲರ ಕಚೇರಿಗಳಿಗೆ ವರ್ಗಾಯಿಸಿತು. ವೀಸಾ ಇಲ್ಲದವರನ್ನು ಹತ್ತಿಸಿಕೊಂಡು ಬಂದ ಹಡಗಿನ ಕಂಪೆನಿಗೆ ದಂಡವನ್ನೂ ವಿಧಿಸಿತು. ನಾಗರಿಕತ್ವಕ್ಕೆ ಅನರ್ಹರೆಂದು ಎಣಿಸಲ್ಪಟ್ಟ ಏಷ್ಯದವರಿಗೆ ವಲಸೆಯ ವೀಸಾವೇ ಇಲ್ಲದಂತಾಯಿತು. ಭಾರತೀಯರು ಆ ವರ್ಗಕ್ಕೆ ಸೇರಿದವರೆಂದು ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ೧೯೨೩ರಲ್ಲಿಯೇ ಹೇಳಿದ್ದಿತು.

ಹೊಸ ಪದ್ಧತಿಯ ಪಕ್ಷದಲ್ಲಿ ಹೇಳತಕ್ಕುದೂ ಇದೆ. ಮನೆಮಾರು ಮಾರಿ ಸಮುದ್ರ ದಾಟಿ ಬಂದವನನ್ನು ಬಂದರಿನಿಂದ ಹಿಂದಕ್ಕೆ ಕಳುಹಿಸುವುದಕ್ಕಿಂತ, ಹೊರಡುವ ಮೊದಲೇ ಆಗದೆಂದು ತಿಳಿಸುವುದು ದಯೆಯೆಂದು ಅದರ ಸಮರ್ಥಕರು ವಾದಿಸಿದರು. ಆ ವಾದವನ್ನು ಅಲ್ಲಗಳೆಯಲಾಗದು. ಆದರೆ ಹಡಗಿನ ದಂಡದ ವಿಧಿಯನ್ನು ಅದರ ಜೊತೆಗಿಟ್ಟು ನೋಡಿದಲ್ಲಿ, ಪ್ರಯಾಣಿಕನು ಬಾಗಿಲಿಗೆ ಬಾರದಂತೆ ನೋಡಿಕೊಳ್ಳುವುದೂ ಒಂದು ಉದ್ದೇಶವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

೫

ಈ ವ್ಯವಸ್ಥೆಯನ್ನು ತಾತ್ಕಾಲಿಕವೆಂದೇ ಅಂದಿನ ರಾಜನೀತಿಜ್ಞರು ನಂಬಿದ್ದರು. ರಾಷ್ಟ್ರಸಂಘದ ಆಶ್ರಯದಲ್ಲಿ ೧೯೨೦ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನವು, ಯುದ್ಧಪೂರ್ವದ ಸ್ವಾತಂತ್ರ್ಯಕ್ಕೆ ಮರಳುವುದೇ ಗುರಿಯೆಂದು ಹೇಳುತ್ತಲೇ, ಅಲ್ಲಿಯವರೆಗಿನ ಸೌಕರ್ಯಕ್ಕಾಗಿ ೩೨ ಪುಟಗಳ ಏಕರೂಪದ ಪಾಸ್‌ಪೋರ್ಟನ್ನು ಸೂಚಿಸಿತು. ೧೯೨೬ರಲ್ಲಿ ಜಿನೀವದಲ್ಲಿ ಸೇರಿದ ಎರಡನೆಯ ಸಮ್ಮೇಳನವು ಪಾಸ್‌ಪೋರ್ಟಿನ ಸಂಪೂರ್ಣ ನಿರ್ಮೂಲನ ಸದ್ಯಕ್ಕೆ ಅಸಾಧ್ಯವೆಂದು ಒಪ್ಪಿಕೊಂಡಿತು. ತಾತ್ಕಾಲಿಕವಾಗಿ ಕೊಟ್ಟ ಆಕಾರವೇ ಸ್ಥಿರವಾಯಿತು.

ಕಾಗದವಿಲ್ಲದೆ ಚಲನೆಯಿಲ್ಲವೆಂಬ ಲೋಕದಲ್ಲಿ ಕಾಗದ ಕೊಡುವ ರಾಜ್ಯವೇ ಇಲ್ಲದವರ ಗತಿಯೇನು? ರಷ್ಯದ ಕ್ರಾಂತಿಯ ಅನಂತರ ಲಕ್ಷಾಂತರ ಮಂದಿ ಈ ಸ್ಥಿತಿಗೆ ಬಂದರು. ಅವರಿಗಾಗಿ ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್ನರ ಪ್ರಯತ್ನದಿಂದ ೧೯೨೨ರಲ್ಲಿ ಹುಟ್ಟಿದ ಗುರುತುಪತ್ರಕ್ಕೆ ನಾನ್ಸೆನ್ ಪಾಸ್‌ಪೋರ್ಟೆಂದು ಹೆಸರಾಯಿತು. ಅದು ಗುರುತನ್ನು ಒದಗಿಸಿತೇ ಹೊರತು ಯಾವ ರಾಜ್ಯವನ್ನೂ ಪ್ರವೇಶ ಕೊಡುವಂತೆ ಕಟ್ಟುಪಡಿಸಲಿಲ್ಲ. ವೀಸಾ ಕೊಡುವುದು ಬಿಡುವುದು ಆಯಾ ರಾಜ್ಯದ ಇಚ್ಛೆಗೇ ಉಳಿಯಿತು.

ಆ ಇಚ್ಛೆಯ ಬೆಲೆಯೇನೆಂಬುದನ್ನು ೧೯೩೮ರಿಂದ ೧೯೪೦ರವರೆಗಿನ ಘಟನೆಗಳು ತೋರಿಸುತ್ತವೆ. ಜರ್ಮನಿಯು ಆಸ್ಟ್ರಿಯವನ್ನು ನುಂಗಿದ ಮೇಲೆ ಅಲ್ಲಿನ ಯೆಹೂದ್ಯರು ದೇಶ ಬಿಡಲು ಬೇರೆಲ್ಲಿಗಾದರೂ ಹೋಗಬಹುದೆಂಬುದಕ್ಕೆ ಸಾಕ್ಷ್ಯ ತೋರಿಸಬೇಕಾಗಿತ್ತು. ವಿಯೆನ್ನದಲ್ಲಿ ಚೀನದ ಕಾನ್ಸಲ್ ಜನರಲ್ ಆಗಿದ್ದ ಹೊ ಫೆಂಗ್‌ಶಾನ್ ಅವರಿಗೆ ಶಾಂಘಾಯ್ ನಗರದ ವೀಸಾಗಳನ್ನು ಧಾರಾಳವಾಗಿ ಕೊಟ್ಟರು. ಶಾಂಘಾಯ್‌ಯನ್ನು ಹೊಗಲು ಆಗ ವೀಸಾ ಬೇಕಾಗಿರಲಿಲ್ಲ. ಅದು ಬೇಕಾಗಿದ್ದುದು ಆಸ್ಟ್ರಿಯದಿಂದ ಹೊರಡುವುದಕ್ಕೆ. ಲಿಥುವೇನಿಯದ ಕೌನಾಸ್ ನಗರದಲ್ಲಿ ೧೯೪೦ರ ಬೇಸಗೆಯಲ್ಲಿ ನಡೆದುದು ಇನ್ನೂ ವಿಚಿತ್ರ. ಅಲ್ಲಿ ಡಚ್ಚರ ಪ್ರತಿನಿಧಿ ಯಾನ್ ಜ್ವಾರ್ಟೆಂಡೈಕ್, ಕುರಸಾವ್ ದ್ವೀಪಕ್ಕೆ ಹೋಗಲು ವೀಸಾ ಅಗತ್ಯವಿಲ್ಲವೆಂದು ನಿರಾಶ್ರಿತರ ಪತ್ರಗಳ ಮೇಲೆ ಬರೆದರು. ಆದರೆ ಗವರ್ನರನ ಅನುಮತಿ ಬೇಕೆಂಬ ಮಾತನ್ನು ಬರೆಯದೆ ಬಿಟ್ಟರು. ಅದನ್ನು ಆಧಾರವಾಗಿಟ್ಟುಕೊಂಡು ಜಪಾನಿನ ಉಪಕಾನ್ಸಲ್ ಚಿಯುನೆ ಸುಗಿಹಾರ, ತಮ್ಮ ಸರ್ಕಾರದ ಸೂಚನೆಯನ್ನು ಮೀರಿ, ಜಪಾನಿನ ಮೂಲಕ ಹಾದುಹೋಗುವ ಎರಡು ಸಾವಿರಕ್ಕೂ ಹೆಚ್ಚು ವೀಸಾಗಳನ್ನು ಕೈಯಾರೆ ಬರೆದುಕೊಟ್ಟರು. ಯಾರೂ ಹೋಗಬೇಕೆಂದಿರದ ದ್ವೀಪವೊಂದರ ಹೆಸರು ಸಾವಿರಾರು ಜೀವಗಳನ್ನುಳಿಸಿತು.

ಇವರನ್ನು ಲೋಕವು ಕೊಂಡಾಡಿದೆ. ಅದು ಯುಕ್ತವೂ ಹೌದು. ಆದರೆ ನಾವು ಗಮನಿಸಬೇಕಾದ ಅಂಶ ಬೇರೊಂದಿದೆ. ಒಬ್ಬ ಅಧಿಕಾರಿಯ ಲೇಖನಿಯು ಇಷ್ಟು ಮಂದಿಯನ್ನು ಉಳಿಸಬಲ್ಲುದಾದರೆ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಇತರ ಅಧಿಕಾರಿಗಳ ಲೇಖನಿಯೂ ಅಷ್ಟೇ ಮಂದಿಯ ವಿಧಿಯನ್ನು ನಿರ್ಣಯಿಸಿತೆಂದಾಯಿತು. ಆ ನಿರಾಕರಣೆಗಳಿಗೆ ಬಂದರಿನಲ್ಲಿ ನಿಂತ ಹಡಗಿನಂಥ ಕುರುಹು ಇಲ್ಲ.

೬

ಸ್ವತಂತ್ರ ಭಾರತದಲ್ಲಿ ಈ ವಿಷಯವು ಮೊದಲು ಎದುರಾದುದು ದೂರದೇಶಗಳ ಸಂಬಂಧದಲ್ಲಲ್ಲ, ನೆರೆಮನೆಯ ಸಂಬಂಧದಲ್ಲಿ. ೧೯೪೭ರ ವಿಭಜನೆಯಾದ ಮೇಲೆ ಹಲವು ತಿಂಗಳು ಹೊಸ ಗಡಿಯನ್ನು ದಾಟಲು ಯಾವ ಪತ್ರವೂ ಬೇಕಾಗಿರಲಿಲ್ಲ. ೧೯೪೮ರ ಜುಲೈ ೧೯ರಿಂದ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಭಾರತವು ಪರ್ಮಿಟ್ಟನ್ನು ಕಡ್ಡಾಯಮಾಡಿತು. ಅದೇ ವರ್ಷ ಪಾಕಿಸ್ತಾನವೂ ಹಾಗೆಯೇ ಮಾಡಿತು. ೧೯೫೨ರ ಅಕ್ಟೋಬರ್ ೧೫ರಿಂದ ಪೂರ್ವದ ಗಡಿಯೂ ಸೇರಿದಂತೆ ಎರಡು ದೇಶಗಳ ನಡುವೆ ಪಾಸ್‌ಪೋರ್ಟು ಮತ್ತು ವೀಸಾ ಪದ್ಧತಿ ಜಾರಿಗೆ ಬಂದಿತು.

ಈ ಪರ್ಮಿಟ್ಟಿನ ದಿನಾಂಕವು ನಮ್ಮ ಸಂವಿಧಾನದಲ್ಲಿಯೇ ಸೇರಿಹೋಗಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಾಕಿಸ್ತಾನದಿಂದ ವಲಸೆ ಬಂದವರ ನಾಗರಿಕತ್ವವನ್ನು ನಿರೂಪಿಸುವ ೬ನೆಯ ಅನುಚ್ಛೇದವು ೧೯೪೮ರ ಜುಲೈ ೧೯ಕ್ಕೆ ಮುಂಚೆ ಬಂದವರೆಂದೂ ಅನಂತರ ಬಂದವರೆಂದೂ ಭೇದವೆಣಿಸುತ್ತದೆ. ೭ನೆಯ ಅನುಚ್ಛೇದವು ೧೯೪೭ರ ಮಾರ್ಚ್ ೧ರ ಅನಂತರ ಪಾಕಿಸ್ತಾನಕ್ಕೆ ಹೋದವರಲ್ಲಿ, ಪುನರ್ವಸತಿಯ ಅಥವಾ ಶಾಶ್ವತವಾಗಿ ಹಿಂದಿರುಗುವ ಪರ್ಮಿಟ್ಟಿನೊಡನೆ ಮರಳಿದವರನ್ನು ಬೇರ್ಪಡಿಸುತ್ತದೆ. ಬಂಧುಗಳನ್ನು ನೋಡಲು ಹೋದವನು ಯಾವ ಬಗೆಯ ಚೀಟಿಯಲ್ಲಿ ಮರಳಿದನೆಂಬುದು ಅವನು ಯಾವ ದೇಶದವನೆಂಬುದನ್ನೇ ನಿಶ್ಚಯಿಸಬಹುದಾಗಿತ್ತು. ಅರ್ಥಶಾಸ್ತ್ರದ ಮುದ್ರೆಯಿಲ್ಲದ ಜನಪದವಾಸಿಯು ೧೨ ಪಣ ತೆತ್ತು ಜನಪದವಾಸಿಯಾಗಿಯೇ ಉಳಿಯುತ್ತಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಚೀಟಿಯ ತಪ್ಪಿಗೆ ತೆರಬೇಕಾದ ಬೆಲೆ ಮನೆಯೇ ಆಯಿತು.

೭

ಇದುವರೆಗಿನ ವಿವೇಚನೆಯಿಂದ ಪಾಸ್‌ಪೋರ್ಟು ಮತ್ತು ವೀಸಾಗಳು ಕ್ರಮೇಣ ಬೇರೆಬೇರೆ ಹಾದಿ ಹಿಡಿದುವೆಂದು ತಿಳಿಯುತ್ತದೆ. ೧೯೪೮ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ೧೩ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಯಾವ ದೇಶವನ್ನಾದರೂ ಬಿಡುವ, ಸ್ವದೇಶಕ್ಕೆ ಮರಳುವ ಹಕ್ಕುಂಟೆಂದು ಸಾರಿತು. ಬೇರೊಂದು ದೇಶವನ್ನು ಹೊಗುವ ಹಕ್ಕನ್ನು ಆ ಅನುಚ್ಛೇದ ಹೇಳುವುದಿಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ೧೯೬೭ರಲ್ಲಿ, ವಿದೇಶಪ್ರಯಾಣವು ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟು ಶಾಸನವು ಬಂದು, ನಿರಾಕರಿಸುವುದಕ್ಕೆ ಕಾರಣಗಳನ್ನು ಗೊತ್ತುಪಡಿಸಿತು, ಅಪೀಲಿಗೆ ಅವಕಾಶ ಕಲ್ಪಿಸಿತು. ಹೀಗೆ ಪಾಸ್‌ಪೋರ್ಟು ದೊರೆಯ ಅನುಗ್ರಹದಿಂದ ಪ್ರಜೆಯ ಹಕ್ಕಿನತ್ತ ಸಾಗಿತು. ವೀಸಾ ಬಹುಮಟ್ಟಿಗೆ ಅನುಗ್ರಹವಾಗಿಯೇ ಉಳಿದಿದೆ. ಕಾನ್ಸಲರ ನಿರಾಕರಣೆಯನ್ನು ಪುನರ್ವಿಮರ್ಶಿಸಲು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವೀಸಾ ಇಲ್ಲದೆ ರಾಜ್ಯಗಳು ಬಾಳಲಾರವೆಂದೇನೂ ಅಲ್ಲ. ಭಾರತ ಮತ್ತು ನೇಪಾಳದ ಪ್ರಜೆಗಳು ಪರಸ್ಪರ ದೇಶಗಳಿಗೆ ವೀಸಾ ಇಲ್ಲದೆ ಹೋಗಿಬರುತ್ತಾರೆ. ಯೂರೋಪಿನಲ್ಲಿ ಐದು ರಾಜ್ಯಗಳು ೧೯೮೫ರಲ್ಲಿ ಷೆಂಗೆನ್ ಎಂಬ ಹಳ್ಳಿಯಲ್ಲಿ ಮಾಡಿಕೊಂಡ ಒಪ್ಪಂದವು ೧೯೯೫ರಲ್ಲಿ ಏಳು ರಾಜ್ಯಗಳ ನಡುವೆ ಕಾರ್ಯಗತವಾಗಿ, ಗಡಿಯ ತಪಾಸಣೆಯನ್ನು ತೆಗೆದುಹಾಕಿತು. ಆದರೆ ಒಳಗಿನ ಬಾಗಿಲುಗಳನ್ನು ತೆರೆದವರು ಹೊರಗಿನವರಿಗೆ ಒಂದೇ ಸಮಾನವಾದ ವೀಸಾವನ್ನು ನಿಯಮಿಸಿದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಚಿತ್ರವೇ ಇಲ್ಲಿ ಮತ್ತೊಮ್ಮೆ ಕಾಣುತ್ತದೆ. ಕನ್ನಡನಾಡಿನ ಮಟ್ಟಿಗೂ ಗಡಿಯ ಈ ಸ್ಥಾನಪಲ್ಲಟ ಅನುಭವಸಿದ್ಧವಾದುದು. ಅಮೆರಿಕಕ್ಕೆ ಹೊರಟ ನಮ್ಮ ವಿದ್ಯಾರ್ಥಿಗಳು ಬಹುಕಾಲ ವೀಸಾಕ್ಕಾಗಿ ಮದರಾಸಿಗೆ, ಅದು ಚೆನ್ನೈಯಾದ ಮೇಲೆ ಚೆನ್ನೈಗೆ ಹೋಗುತ್ತಿದ್ದರು. ಅವರು ಒಳಗೋ ಹೊರಗೋ ಎಂಬುದು ಮುಖ್ಯವಾಗಿ ತೀರ್ಮಾನವಾಗುತ್ತಿದ್ದುದು ಆ ಕಚೇರಿಯ ಕಿಟಕಿಯ ಮುಂದೆ, ಕೆಲವೇ ನಿಮಿಷಗಳ ಮಾತಿನಲ್ಲಿ. ಭಾರತಕ್ಕೆ ಬರಬೇಕೆಂಬ ಪರದೇಶದವರನ್ನೂ ನಮ್ಮ ಕಚೇರಿಗಳು ಹೀಗೆಯೇ ಆರಿಸುತ್ತವೆ. ೧೯೨೦ರ ಶಾಸನವನ್ನು ರದ್ದುಪಡಿಸಿ ೨೦೨೫ರಲ್ಲಿ ಬಂದ ಹೊಸ ಶಾಸನದಲ್ಲಿಯೂ ಈ ಮೂಲತತ್ತ್ವ ಬದಲಾಗಿಲ್ಲ.

ತನ್ನ ನೆಲಕ್ಕೆ ಯಾರು ಬರಬೇಕೆಂದು ನಿಶ್ಚಯಿಸುವ ಅಧಿಕಾರವನ್ನು ಯಾವ ರಾಜ್ಯವೂ ಬಿಟ್ಟುಕೊಡಲಾರದು. ಅದನ್ನು ಬಿಡಬೇಕೆಂದು ವಾದಿಸುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಆ ಅಧಿಕಾರವನ್ನು ಎಲ್ಲಿ, ಯಾರ ಮುಂದೆ ಚಲಾಯಿಸಬೇಕೆಂಬುದು ಇತಿಹಾಸದಲ್ಲಿ ಬದಲಾಗುತ್ತ ಬಂದಿದೆ. ಬಾಗಿಲಿನಲ್ಲಿ ತಡೆಯಲ್ಪಟ್ಟ ೩೭೬ ಮಂದಿಯ ಚರಿತ್ರೆಯನ್ನು ನಾವು ಬರೆಯಬಲ್ಲೆವು. ವೀಸಾ ದೊರೆಯದೆ ಮನೆಯಲ್ಲಿಯೇ ಉಳಿದವರು ಎಷ್ಟು ಮಂದಿಯಾದರೂ, ಹೋಗಬೇಕೆಂದಿದ್ದ ದೇಶದ ಚರಿತ್ರೆಯಲ್ಲಿ ಅವರಿಲ್ಲ, ತಮ್ಮ ದೇಶದ ಚರಿತ್ರೆಯಲ್ಲಿಯೂ ಅವರ ಹೆಸರಿಲ್ಲ. ವಲಸೆಯ ಚರಿತ್ರೆಯನ್ನು ಅಭ್ಯಾಸಮಾಡುವವರು ಹೋದವರನ್ನು ಎಣಿಸುವುದರ ಜೊತೆಗೆ, ಹೋಗಲಾಗದವರ ಅರ್ಜಿಗಳನ್ನೂ ಹುಡುಕತೊಡಗಿದರೆ ಈ ಶಾಸ್ತ್ರದಲ್ಲಿರುವ ದೊಡ್ಡ ಕೊರತೆಯೊಂದು ನೀಗಲು ಆರಂಭವಾದೀತು.